ಬೆಂಗಳೂರಿನಲ್ಲಿ ಲೈಫ್ ಸೈನ್ಸ್ ಕೆಲಸ ಹಿಡಿಯುವ ಬಗೆ: ಹುದ್ದೆ, ಏರಿಯಾ, ತಯಾರಿ, ಸಂಬಳದ ಲೆಕ್ಕ

ಬಯೋಟೆಕ್ನಾಲಜಿ, ಮೈಕ್ರೋಬಯಾಲಜಿ, ಬಯೋಕೆಮಿಸ್ಟ್ರಿ ಓದಿ ಬೆಂಗಳೂರಿಗೆ ಬಂದವರು ಮೊದಲ ದಿನವೇ ಮಾಡುವ ತಪ್ಪೊಂದಿದೆ: ಜಾಬ್ ಪೋರ್ಟಲ್‌ನಲ್ಲಿ ‘ಬಯೋಟೆಕ್ ಜಾಬ್ಸ್’ ಎಂದು ಹುಡುಕುವುದು. ಕಂಪನಿಗಳು ಆ ಹೆಸರಿನಲ್ಲಿ ಜನರನ್ನು ತೆಗೆದುಕೊಳ್ಳುವುದಿಲ್ಲ. ‘ಕ್ಯುಸಿ ಅನಲಿಸ್ಟ್’ (ಗುಣಮಟ್ಟ ಪರೀಕ್ಷಕ), ‘ರಿಸರ್ಚ್ ಅಸೋಸಿಯೇಟ್, ಇನ್ ವಿಟ್ರೋ ಬಯಾಲಜಿ’, ‘ಟ್ರೈನಿ, ಡೌನ್‌ಸ್ಟ್ರೀಮ್’, ‘ಡ್ರಗ್ ಸೇಫ್ಟಿ ಅಸೋಸಿಯೇಟ್’ ಎಂದು ಜಾಹೀರಾತು ಹಾಕುತ್ತವೆ. ಹುದ್ದೆಯ ಹೆಸರು ಗೊತ್ತಿಲ್ಲದವರಿಗೆ ಈ ಊರಿನ ಬಹಳಷ್ಟು ಕೆಲಸಗಳು ಕಣ್ಣಿಗೇ ಬೀಳುವುದಿಲ್ಲ. ಹಾಗಾಗಿ ರೆಸ್ಯೂಮೆ ತಿದ್ದಲು ಕೂರುವ ಮೊದಲು ಒಂದು ವಿಷಯ ತೀರ್ಮಾನಿಸಿ. ದಿನಕ್ಕೆ ಎಂಟು ಗಂಟೆ ನಿಮ್ಮ ಕೈ ಏನು ಮಾಡುತ್ತಿರಬೇಕು? ಪಿಪೆಟ್ ಹಿಡಿದಿರಬೇಕೋ, ಎಚ್‌ಪಿಎಲ್‌ಸಿ ಎಂಬ ವಿಶ್ಲೇಷಣಾ ಯಂತ್ರದ ಮುಂದೆ ನಿಂತಿರಬೇಕೋ, ಕೀಬೋರ್ಡ್ ಮೇಲಿರಬೇಕೋ? ಓದಬೇಕಾದದ್ದು, ಮನೆ ಮಾಡಬೇಕಾದ ಜಾಗ, ಅರ್ಜಿ ಹಾಕುವ ದಾರಿ, ಎಲ್ಲವೂ ಈ ಉತ್ತರದ ಮೇಲೆಯೇ ನಿಂತಿವೆ.

ಯಾವ ಡಿಗ್ರಿಗೆ ಯಾವ ಬಾಗಿಲು

ಕಹಿಯಾದರೂ ಮೊದಲೇ ಹೇಳಬೇಕಾದ ಮಾತು: ಬೆಂಗಳೂರಿನ ಲೈಫ್ ಸೈನ್ಸ್ ಮಾರುಕಟ್ಟೆಯಲ್ಲಿ ಕೆಮಿಸ್ಟ್ರಿ ಓದಿದವರಿಗೆ ಬಯಾಲಜಿ ಓದಿದವರಿಗಿಂತ ಹೆಚ್ಚು ಬಾಗಿಲುಗಳು ತೆರೆದಿವೆ. ಸಿಂಜೀನ್, ಆಂಥೆಮ್ ಬಯೋಸೈನ್ಸಸ್, ಆರಿಜೀನ್‌ನಂಥ ಕಂಪನಿಗಳು ಬೇರೆ ದೇಶಗಳ ಔಷಧ ಕಂಪನಿಗಳಿಗಾಗಿ ಅಣುಗಳನ್ನು ತಯಾರಿಸಿ, ಪರೀಕ್ಷಿಸಿ ಕೊಡುತ್ತವೆ. ಈ ವ್ಯವಹಾರಕ್ಕೆ ಸಿಆರ್‌ಓ ಅಥವಾ ಸಿಡಿಎಂಓ ಎನ್ನುತ್ತಾರೆ. ಅಲ್ಲಿ ಫ್ಯೂಮ್ ಹುಡ್ ಮುಂದೆ ನಿಂತು ಸಿಂಥೆಸಿಸ್ ಮಾಡಲು ಆರ್ಗ್ಯಾನಿಕ್ ಕೆಮಿಸ್ಟ್ರಿ ಎಂಎಸ್ಸಿಯವರು ದೊಡ್ಡ ಸಂಖ್ಯೆಯಲ್ಲಿ ಬೇಕು. ಬಯಾಲಜಿಯವರು ಬೇಕಾಗುವುದು ಆ ಅಣುಗಳನ್ನು ಜೀವಕೋಶ, ಕಿಣ್ವ, ಪ್ರಾಣಿಗಳ ಮೇಲೆ ಪರೀಕ್ಷಿಸುವ ತಂಡಗಳಿಗೆ. ಅವು ಚಿಕ್ಕ ತಂಡಗಳು. ನೀವು ಎಂಎಸ್ಸಿ ಬಯೋಕೆಮಿಸ್ಟ್ರಿಯವರಾದರೆ ಡಿಎಂಪಿಕೆ, ಬಯೋಅನಲಿಟಿಕಲ್ ಎಂಬ ಪದಗಳನ್ನೂ ಹುಡುಕಾಟಕ್ಕೆ ಸೇರಿಸಿಕೊಳ್ಳಿ. ಔಷಧ ದೇಹದೊಳಗೆ ಹೇಗೆ ಹೀರಿಕೆಯಾಗಿ, ಒಡೆದು, ಹೊರಹೋಗುತ್ತದೆ ಎಂದು ಎಲ್‌ಸಿ-ಎಂಎಸ್ ಉಪಕರಣದಲ್ಲಿ ಅಳೆಯುವ ಕೆಲಸವದು. ಬಯಾಲಜಿ, ಕೆಮಿಸ್ಟ್ರಿ ಎರಡೂ ಬಲ್ಲವರು ಕಡಿಮೆ ಇರುವುದರಿಂದ ಅಲ್ಲಿ ಪೈಪೋಟಿಯೂ ಕಡಿಮೆ.

ಎರಡನೆಯದು ಬಯೋಲಾಜಿಕ್ಸ್, ಅಂದರೆ ಜೀವಕೋಶಗಳಿಂದ ಪಡೆಯುವ ಔಷಧಗಳ ತಯಾರಿಕೆ. 1978ರಲ್ಲಿ ಕಿರಣ್ ಮಜುಂದಾರ್ ಶಾ ಕಿಣ್ವಗಳ ತಯಾರಿಕೆಯಿಂದ ಆರಂಭಿಸಿದ ಬಯೋಕಾನ್ ಇಂದು ಇನ್ಸುಲಿನ್ ಮತ್ತು ಮಾನೋಕ್ಲೋನಲ್ ಆ್ಯಂಟಿಬಾಡಿಗಳಿಗೆ ಹೆಸರಾಗಿದೆ. ಇಂಥ ಪ್ಲಾಂಟ್‌ಗಳಲ್ಲಿ ಕೆಲಸ ಎರಡು ಭಾಗ. ಬಯೋರಿಯಾಕ್ಟರ್‌ನಲ್ಲಿ ಕೋಶ ಅಥವಾ ಸೂಕ್ಷ್ಮಜೀವಿ ಬೆಳೆಸುವುದು ಅಪ್‌ಸ್ಟ್ರೀಮ್. ಅದರಿಂದ ಪ್ರೋಟೀನನ್ನು ಕ್ರೊಮೆಟೋಗ್ರಫಿ, ಫಿಲ್ಟ್ರೇಶನ್ ಮೂಲಕ ಶುದ್ಧ ಮಾಡುವುದು ಡೌನ್‌ಸ್ಟ್ರೀಮ್. ಬಿಇ ಅಥವಾ ಬಿ.ಟೆಕ್ ಬಯೋಟೆಕ್ನಾಲಜಿ, ಎಂಎಸ್ಸಿ ಬಯೋಟೆಕ್ನಾಲಜಿ, ಮೈಕ್ರೋಬಯಾಲಜಿಯವರಿಗೆ ನೇರವಾಗಿ ಹೊಂದುವ ಜಾಗ ಇದೇ. ಮೂರು ಪಾಳಿಯ ಕೆಲಸ, ಕ್ಲೀನ್‌ರೂಮ್ ಉಡುಪಿನಲ್ಲಿ ಗಂಟೆಗಟ್ಟಲೆ ನಿಲ್ಲಬೇಕು. ಹಲವರು ಆರು ತಿಂಗಳಲ್ಲಿ ಬಿಟ್ಟುಹೋಗುವುದು ಈ ಕಾರಣಕ್ಕೇ. ಮೊದಲೇ ತಿಳಿದು ಹೋದರೆ ನಿಲ್ಲಬಹುದು. ಇಲ್ಲಿ ಮೂರು ವರ್ಷ ಕಲಿತವರ ಕೈಗೆ ದೇಶದ ಯಾವ ಬಯೋಲಾಜಿಕ್ಸ್ ಪ್ಲಾಂಟ್‌ನಲ್ಲಾದರೂ ಬೆಲೆಯಿದೆ.

ಮಾತ್ರೆ, ಕ್ಯಾಪ್ಸೂಲ್, ಇಂಜೆಕ್ಷನ್ ತಯಾರಿಸುವ ಫಾರ್ಮಾ ಘಟಕಗಳು ಬಿ.ಫಾರ್ಮಾ, ಎಂ.ಫಾರ್ಮಾ, ಬಿಎಸ್ಸಿ ಕೆಮಿಸ್ಟ್ರಿಯವರಿಗೆ ಒಲಿಯುತ್ತವೆ. ಇದಕ್ಕೊಂದು ಕಾನೂನಿನ ಕಾರಣವೂ ಇದೆ. 1945ರ ಔಷಧ ನಿಯಮಗಳ ಪ್ರಕಾರ ತಯಾರಿಕೆಯ ಹೊಣೆ ಹೊರುವ ‘ಕಾಂಪಿಟೆಂಟ್ ಟೆಕ್ನಿಕಲ್ ಸ್ಟಾಫ್’ ಆಗಲು ಫಾರ್ಮಸಿ ಪದವೀಧರರಿಗೆ 18 ತಿಂಗಳ ಅನುಭವ ಸಾಕು. ಕೆಮಿಸ್ಟ್ರಿ ಮುಖ್ಯ ವಿಷಯವಾಗಿ ಓದಿದ ವಿಜ್ಞಾನ ಪದವೀಧರರಿಗೆ 3 ವರ್ಷ ಬೇಕು. ಬಯೋಟೆಕ್ ಪದವೀಧರರು ಮಾತ್ರೆ ಕಾರ್ಖಾನೆಯ ಪ್ರೊಡಕ್ಷನ್ ವಿಭಾಗದಲ್ಲಿ ಮೇಲೇರುವುದು ಕಷ್ಟವಾಗುವುದು ಹೀಗೆ. ಅದೇ ಕಾರ್ಖಾನೆಯ ಮೈಕ್ರೋಬಯಾಲಜಿ ಲ್ಯಾಬ್‌ಗೆ ಈ ಅಡ್ಡಿಯಿಲ್ಲ: ನೀರಿನ ಪರೀಕ್ಷೆ, ಎನ್‌ವಿರಾನ್‌ಮೆಂಟಲ್ ಮಾನಿಟರಿಂಗ್, ಸ್ಟೆರಿಲಿಟಿ, ಎಂಡೋಟಾಕ್ಸಿನ್ ಪರೀಕ್ಷೆಗಳಿಗೆ ಮೈಕ್ರೋಬಯಾಲಜಿಯವರೇ ಬೇಕು.

ಇನ್ನು ಮೇಜಿನ ಕೆಲಸಗಳು. ಔಷಧದ ಅಡ್ಡಪರಿಣಾಮಗಳ ವರದಿ ಸಂಸ್ಕರಿಸುವ ಫಾರ್ಮಕೋವಿಜಿಲೆನ್ಸ್, ನಿಯಂತ್ರಣ ಸಂಸ್ಥೆಗಳಿಗೆ ದಾಖಲೆ ಸಿದ್ಧಪಡಿಸುವ ರೆಗ್ಯುಲೇಟರಿ ಅಫೇರ್ಸ್, ಕ್ಲಿನಿಕಲ್ ಡೇಟಾ ಮ್ಯಾನೇಜ್‌ಮೆಂಟ್, ಮೆಡಿಕಲ್ ರೈಟಿಂಗ್. ಐಕ್ಯುವಿಯಾದಂಥ ಸೇವಾ ಕಂಪನಿಗಳು, ವಿದೇಶಿ ಔಷಧ ಕಂಪನಿಗಳ ಬೆಂಗಳೂರು ಕಚೇರಿಗಳು ಇಂಥವರನ್ನು ತೆಗೆದುಕೊಳ್ಳುತ್ತವೆ. ಫಾರ್ಮ್.ಡಿ, ಬಿ.ಫಾರ್ಮಾ, ಬಿಡಿಎಸ್, ಬಿಎಎಂಎಸ್ ಆದವರಿಗೆ ಆದ್ಯತೆ. ಲೈಫ್ ಸೈನ್ಸ್ ಎಂಎಸ್ಸಿಯವರಿಗೂ ಪ್ರವೇಶವಿದೆ. ಬಯೋಇನ್ಫರ್ಮ್ಯಾಟಿಕ್ಸ್ ಬೇರೆಯೇ ದಾರಿ: ಐಐಎಸ್ಸಿಯ ಪ್ರಾಧ್ಯಾಪಕರು 2000ದಲ್ಲಿ ಕಟ್ಟಿದ ಸ್ಟ್ರಾಂಡ್ ಲೈಫ್ ಸೈನ್ಸಸ್, ಬೊಮ್ಮಸಂದ್ರದ ಮೆಡ್‌ಜೀನೋಮ್‌ನಂಥ ಜೀನೋಮಿಕ್ಸ್ ಸಂಸ್ಥೆಗಳು ಇಲ್ಲಿವೆ. ಉಪಕರಣ ಮಾರುವ, ದುರಸ್ತಿ ಮಾಡುವ, ಬಳಕೆ ಕಲಿಸುವ ಅಪ್ಲಿಕೇಶನ್ ಸ್ಪೆಷಲಿಸ್ಟ್ ಹುದ್ದೆಗಳನ್ನು ಬಹಳ ಮಂದಿ ‘ಸೇಲ್ಸ್’ ಎಂದು ಬಿಟ್ಟುಬಿಡುತ್ತಾರೆ. ಮಾತು ಬಲ್ಲವರು, ಓಡಾಟ ಇಷ್ಟಪಡುವವರು ಅದನ್ನು ಖಂಡಿತ ನೋಡಬೇಕು.

ಸಂಶೋಧನೆಯೇ ಬೇಕು ಎನ್ನುವವರಿಗೆ ಐಐಎಸ್ಸಿ, ಜಿಕೆವಿಕೆ ಆವರಣದ ಎನ್‌ಸಿಬಿಎಸ್ ಮತ್ತು ಇನ್‌ಸ್ಟೆಮ್, ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ, ನಿಮ್ಹಾನ್ಸ್, ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇವೆ. ಇಲ್ಲಿ ಸಿಗುವುದು ಹೆಚ್ಚಾಗಿ ಪ್ರಾಜೆಕ್ಟ್ ಹುದ್ದೆಗಳು. ಅನುದಾನ ಇರುವವರೆಗೆ ಕೆಲಸ, ವರ್ಷ ವರ್ಷಕ್ಕೆ ನವೀಕರಣ. ವರ್ಷಕ್ಕೆ ಎರಡು ಸಲ ನಡೆಯುವ ಸಿಎಸ್‌ಐಆರ್-ನೆಟ್‌ನಲ್ಲಿ ಜೆಆರ್‌ಎಫ್ (ಸಂಶೋಧನೆಗೆ ಕೊಡುವ ಫೆಲೋಶಿಪ್) ಸಿಕ್ಕರೆ ಲೆಕ್ಕವೇ ಬದಲಾಗುತ್ತದೆ. 2023ರ ಜನವರಿಯಿಂದ ಜಾರಿಗೆ ಬಂದ ದರದಲ್ಲಿ ಜೆಆರ್‌ಎಫ್‌ಗೆ ತಿಂಗಳಿಗೆ 37,000 ರೂ., ಎರಡು ವರ್ಷದ ಬಳಿಕ ಎಸ್‌ಆರ್‌ಎಫ್ ಆದರೆ 42,000 ರೂ., ಅದರ ಮೇಲೆ ಮನೆ ಬಾಡಿಗೆ ಭತ್ಯೆ. ಕಂಪನಿಯ ಆರಂಭದ ಸಂಬಳ ಹಲವು ಕಡೆ ಇದಕ್ಕಿಂತ ಕಡಿಮೆ. ಪಿಎಚ್‌.ಡಿ ಮನಸ್ಸಿದ್ದವರು ನೆಟ್ ಪರೀಕ್ಷೆಗೆ ಒಂದು ವರ್ಷ ಕೊಡುವುದು ಸರಿಯಾದ ನಿರ್ಧಾರ. ಮನಸ್ಸಿಲ್ಲದವರು ಅದೇ ವರ್ಷವನ್ನು ಕ್ಯುಸಿ ಲ್ಯಾಬ್‌ನಲ್ಲಿ ಕಳೆಯಲಿ.

ಊರಿನ ನಕ್ಷೆ ಮುಂದಿಟ್ಟುಕೊಳ್ಳಿ

ದಕ್ಷಿಣದಲ್ಲಿ ಎಲೆಕ್ಟ್ರಾನಿಕ್ ಸಿಟಿ, ಹೆಬ್ಬಗೋಡಿ, ಬೊಮ್ಮಸಂದ್ರ, ಜಿಗಣಿ: ಬಯೋಕಾನ್, ಸಿಂಜೀನ್, ಆಂಥೆಮ್, ಆರಿಜೀನ್ ಎಲ್ಲ ಇದೇ ಪ್ರದೇಶದಲ್ಲಿ. ಎಲೆಕ್ಟ್ರಾನಿಕ್ ಸಿಟಿಯ ಹೀಲಿಕ್ಸ್ ಬಯೋಟೆಕ್ ಪಾರ್ಕ್‌ನಲ್ಲಿರುವ ಬೆಂಗಳೂರು ಬಯೋಇನ್ನೊವೇಶನ್ ಸೆಂಟರ್ ಹೊಸ ಕಂಪನಿಗಳ ತವರು. ಪಶ್ಚಿಮದಲ್ಲಿ ಪೀಣ್ಯ, ಯಶವಂತಪುರ, ತುಮಕೂರು ರಸ್ತೆ. ಸಾರ್ವಜನಿಕ ವಲಯದ ಕರ್ನಾಟಕ ಆ್ಯಂಟಿಬಯೋಟಿಕ್ಸ್, ಸಾಮಿ-ಸಬಿನ್ಸಾ, ಯುರೋಫಿನ್ಸ್ ಅಡ್ವೈನಸ್ ಪೀಣ್ಯದಲ್ಲಿವೆ, ಹಿಮಾಲಯ ಮಾಕಳಿಯಲ್ಲಿದೆ. ಉತ್ತರದಲ್ಲಿ ಹೆಬ್ಬಾಳ, ಜಿಕೆವಿಕೆ, ಜಕ್ಕೂರು ಸಂಶೋಧನೆಯ ಸಾಲು. ಸ್ಟಾರ್ಟಪ್‌ಗಳಿಗೆ ಲ್ಯಾಬ್ ಕೊಡುವ ಸಿ-ಕ್ಯಾಂಪ್ ಕೂಡ ಅಲ್ಲೇ. ಮಾನ್ಯತಾ ಟೆಕ್ ಪಾರ್ಕ್, ಹೊರ ವರ್ತುಲ ರಸ್ತೆ, ವೈಟ್‌ಫೀಲ್ಡ್ ಕಡೆ ಮೇಜಿನ ಕೆಲಸ, ವೈದ್ಯಕೀಯ ಉಪಕರಣ, ಕಿಣ್ವ ಕಂಪನಿಗಳಿವೆ. ಜಿಇ ಹೆಲ್ತ್‌ಕೇರ್ ಕೆಲಸ ಮಾಡುವ ಜಾನ್ ಎಫ್. ವೆಲ್ಚ್ ಕೇಂದ್ರ ವೈಟ್‌ಫೀಲ್ಡ್‌ನಲ್ಲಿದೆ.

2025ರ ಆಗಸ್ಟ್ 10ರಂದು ಹಳದಿ ಮಾರ್ಗದ ಮೆಟ್ರೊ ಉದ್ಘಾಟನೆಯಾದ ಮೇಲೆ ದಕ್ಷಿಣದ ಲೆಕ್ಕ ಬದಲಾಗಿದೆ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ 19.15 ಕಿ.ಮೀ., 16 ನಿಲ್ದಾಣ; ಒಂದು ನಿಲ್ದಾಣಕ್ಕೆ ಬಯೋಕಾನ್ ಹೆಬ್ಬಗೋಡಿ ಎಂದೇ ಹೆಸರು. ಸಿಲ್ಕ್ ಬೋರ್ಡ್ ದಾಟುವ ಭಯದಿಂದ ಬೊಮ್ಮಸಂದ್ರದಲ್ಲೇ ರೂಮು ಮಾಡಬೇಕಿದ್ದವರು ಈಗ ಬನಶಂಕರಿ, ಜಯನಗರ ಕಡೆ ಇದ್ದುಕೊಂಡೂ ಹೋಗಿಬರಬಹುದು. ಪಶ್ಚಿಮದಲ್ಲಿ ಹಸಿರು ಮಾರ್ಗ ಮಾದಾವರದವರೆಗೆ ಹೋಗುತ್ತದೆ, ಪೀಣ್ಯ ಅದೇ ದಾರಿಯಲ್ಲಿದೆ. ಮೆಟ್ರೊ ನಿಲ್ದಾಣದಿಂದ ಕಾರ್ಖಾನೆ ಗೇಟಿಗೆ ಇನ್ನೂ ಎರಡು ಮೂರು ಕಿಲೋಮೀಟರ್ ಉಳಿಯಬಹುದು; ಜಿಗಣಿಗೆ ಇನ್ನೂ ಹೆಚ್ಚು. ಕಂಪನಿ ಬಸ್ಸಿನ ಪಿಕಪ್ ಪಾಯಿಂಟ್ ಎಲ್ಲಿ ಎಂದು ಆಫರ್ ಒಪ್ಪುವ ಮೊದಲೇ ಕೇಳಿ. ಪಾಳಿ ಕೆಲಸವಾದರೆ ಬೆಳಗ್ಗೆ 6ರ ಪಾಳಿಗೆ ಮೆಟ್ರೊ ನೆಚ್ಚಿಕೊಳ್ಳುವಂತಿಲ್ಲ, ರಾತ್ರಿ 10ಕ್ಕೆ ಮುಗಿಯುವ ಪಾಳಿಯಿಂದ ವಾಪಸಾಗುವುದೂ ಕಷ್ಟ. ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮಾಡುವ ಮಹಿಳೆಯರಿಗೆ ವಾಹನ ಮತ್ತು ಭದ್ರತೆ ಕೊಡುವುದು ಮಾಲೀಕರ ಹೊಣೆ. ಅದನ್ನು ಕೇಳಲು ಸಂಕೋಚ ಬೇಡ.

ಕೆಲಸ ಸಿಗುವ ಮೊದಲು ವರ್ಷದ ಕರಾರಿಗೆ ಮನೆ ಹಿಡಿಯಬೇಡಿ. ವೈಟ್‌ಫೀಲ್ಡ್‌ನಲ್ಲಿ ಅಡ್ವಾನ್ಸ್ ಕೊಟ್ಟ ಮೇಲೆ ಜಿಗಣಿಯಲ್ಲಿ ಕೆಲಸ ಸಿಕ್ಕರೆ ಆ ಹಣವೂ ಹೋಯಿತು, ದಿನಕ್ಕೆ ನಾಲ್ಕು ಗಂಟೆಯೂ ಹೋಯಿತು. ಪಿಜಿಯಲ್ಲಿ ತಿಂಗಳ ಲೆಕ್ಕದಲ್ಲಿ ಇರಿ.

ಸಂದರ್ಶನದ ಮೇಜಿನ ಮೇಲೆ ಬರುವ ಲೆಕ್ಕಗಳು

ಸರ್ಟಿಫಿಕೇಟ್ ಕೋರ್ಸ್‌ಗಳಿಗೆ ಹಣ ಸುರಿಯುವ ಮೊದಲು ಈ ಮೂಲ ಲೆಕ್ಕಗಳು ಕಾಗದ-ಪೆನ್ನಿನಲ್ಲಿ ಬರುತ್ತವೆಯೇ ನೋಡಿಕೊಳ್ಳಿ. ಎಂಎಸ್ಸಿ ಮುಗಿಸಿದವರು ಕೂಡ ಮುಗ್ಗರಿಸುವುದು ಇಲ್ಲಿಯೇ.

1 ಮೋಲಾರ್ ಟ್ರಿಸ್ (ಬಫರ್‌ಗೆ ಬಳಸುವ ರಾಸಾಯನಿಕ) 250 ಮಿ.ಲೀ. ಮಾಡಿ ಎನ್ನುತ್ತಾರೆ. ಟ್ರಿಸ್‌ನ ಅಣುತೂಕ 121.14. ಅದನ್ನು 0.25ರಿಂದ ಗುಣಿಸಿದರೆ 30.29 ಗ್ರಾಂ. ಇಷ್ಟಕ್ಕೇ ನಿಲ್ಲಿಸಿದರೆ ಅರ್ಧ ಅಂಕ. ಸುಮಾರು 200 ಮಿ.ಲೀ. ನೀರಿನಲ್ಲಿ ಕರಗಿಸಿ, ಕೊಠಡಿಯ ತಾಪಕ್ಕೆ ಬಂದ ಮೇಲೆ ಹೈಡ್ರೋಕ್ಲೋರಿಕ್ ಆಮ್ಲದಿಂದ ಪಿಎಚ್ ಹೊಂದಿಸಿ, ಆಮೇಲೆ 250ಕ್ಕೆ ತುಂಬಿಸಬೇಕು. ಮೊದಲೇ ಪೂರ್ತಿ ನೀರು ಹಾಕಿದರೆ ಆಮ್ಲ ಸೇರಿದಾಗ ಗಾತ್ರ ಮೀರುತ್ತದೆ. ಟ್ರಿಸ್‌ನ ಪಿಎಚ್ ತಾಪಕ್ಕೆ ತಕ್ಕಂತೆ ಬದಲಾಗುತ್ತದೆ ಎಂದು ನೀವಾಗಿಯೇ ಹೇಳಿದರೆ ಎದುರಿನವರು ತಲೆ ಎತ್ತಿ ನೋಡುತ್ತಾರೆ.

ಕೋಶ ಎಣಿಕೆ: ಹೀಮೋಸೈಟೋಮೀಟರ್‌ನ ನಾಲ್ಕು ಮೂಲೆ ಚೌಕಗಳಲ್ಲಿ ಒಟ್ಟು 160 ಜೀವಂತ ಕೋಶ, ಟ್ರಿಪಾನ್ ಬ್ಲೂ ಜತೆ ಸಮ ಪ್ರಮಾಣದ ಬೆರಕೆ. ಸರಾಸರಿ 40, ದುರ್ಬಲೀಕರಣಕ್ಕೆ 2ರಿಂದ, ಚೌಕದ ಗಾತ್ರಕ್ಕೆ 10,000ದಿಂದ ಗುಣಿಸಿ. ಮಿ.ಲೀ.ಗೆ 8 ಲಕ್ಷ. ಈಗ 96 ಕುಳಿಗಳ ತಟ್ಟೆಗೆ ಒಂದು ಕುಳಿಗೆ 100 ಮೈಕ್ರೋಲೀಟರ್‌ನಲ್ಲಿ 10,000 ಕೋಶ ಬೇಕು. ಅಂದರೆ ಮಿ.ಲೀ.ಗೆ 1 ಲಕ್ಷ. 10 ಮಿ.ಲೀ. ಮಾಡಲು 1.25 ಮಿ.ಲೀ. ಕೋಶದ ದ್ರವ, 8.75 ಮಿ.ಲೀ. ಮೀಡಿಯಂ. 96 ಕುಳಿಗೆ 9.6 ಮಿ.ಲೀ. ಸಾಕಲ್ಲವೇ ಎಂದು ಕೇಳಿದರೆ, ಪಿಪೆಟ್ ಮಾಡುವಾಗ ಸ್ವಲ್ಪ ನಷ್ಟವಾಗುತ್ತದೆ ಎನ್ನಬೇಕು. ವಾಸ್ತವದಲ್ಲಿ 11 ಮಿ.ಲೀ. ಮಾಡಿಕೊಳ್ಳುವುದೇ ಕ್ಷೇಮ. ಹಾಗೆಯೇ ಔಷಧವನ್ನು ಕರಗಿಸಿಟ್ಟ 10 ಮಿಲಿಮೋಲಾರ್ ಡಿಎಂಎಸ್‌ಓ ಸ್ಟಾಕ್‌ನಿಂದ 10 ಮೈಕ್ರೋಮೋಲಾರ್ ಮಾಡಲು ಸಾವಿರಕ್ಕೆ ಒಂದು ಭಾಗ. ಆಗ ಕೋಶಗಳ ಮೇಲೆ ಬೀಳುವ ಡಿಎಂಎಸ್‌ಓ ಶೇ 0.1. ಔಷಧವಿಲ್ಲದ ಕಂಟ್ರೋಲ್ ಕುಳಿಗೂ ಅಷ್ಟೇ ಡಿಎಂಎಸ್‌ಓ ಹಾಕಬೇಕು. ಇಲ್ಲದಿದ್ದರೆ ಕಂಡ ಪರಿಣಾಮ ಔಷಧದ್ದೋ ದ್ರಾವಕದ್ದೋ ತಿಳಿಯದು.

ಕ್ಯುಸಿಗೆ ಹೋಗುವವರಿಗೆ ಎಚ್‌ಪಿಎಲ್‌ಸಿಯೇ ಅಕ್ಷರಾಭ್ಯಾಸ. 250 × 4.6 ಮಿ.ಮೀ., 5 ಮೈಕ್ರಾನ್‌ನ ಸಿ18 ಕಾಲಮ್, ನಿಮಿಷಕ್ಕೆ 1 ಮಿ.ಲೀ. ಹರಿವು, ಮೊಬೈಲ್ ಫೇಸ್ (ಕಾಲಮ್ ಮೂಲಕ ಹರಿಸುವ ದ್ರವ) ಸೋಸಲು 0.45 ಮೈಕ್ರಾನ್ ಫಿಲ್ಟರ್, ಇವು ಬಾಯಿಗೆ ಬರಬೇಕು. ಅದಕ್ಕಿಂತ ಮುಖ್ಯ, ಏನು ಕೆಡುತ್ತದೆ ಎಂಬುದು. ಒತ್ತಡ ಏರುತ್ತಿದ್ದರೆ ಫ್ರಿಟ್ ಅಥವಾ ಗಾರ್ಡ್ ಕಾಲಮ್ ಕಟ್ಟಿಕೊಂಡಿರಬಹುದು. ಬಫರ್ ಹರಿಸಿದ ಕಾಲಮ್‌ಗೆ ನೀರಿನಲ್ಲಿ ತೊಳೆಯದೆ ನೇರ ಅಸಿಟೋನೈಟ್ರೈಲ್ ಬಿಟ್ಟರೆ ಉಪ್ಪು ಒಳಗೇ ಹರಳುಗಟ್ಟುತ್ತದೆ. ಒತ್ತಡ ಏರಿಳಿಯುತ್ತಿದ್ದರೆ ಪಂಪ್‌ನಲ್ಲಿ ಗಾಳಿಗುಳ್ಳೆ. ಪೀಕ್ ಬರುವ ಸಮಯ ಜಾರುತ್ತಿದ್ದರೆ ಮೊಬೈಲ್ ಫೇಸ್‌ನ ಪ್ರಮಾಣ, ತಾಪ, ಸೋರಿಕೆ ಮೂರನ್ನೂ ನೋಡಿ. ಕ್ಷಾರಗುಣದ ಔಷಧಕ್ಕೆ ಪೀಕ್ ಬಾಲ ಬಿಟ್ಟರೆ ಸಿಲಿಕಾದ ಸಿಲನಾಲ್ ಗುಂಪುಗಳ ಜತೆಗಿನ ಸೆಳೆತ ಕಾರಣವಿರಬಹುದು. ಸಿಸ್ಟಮ್ ಸೂಟಬಿಲಿಟಿಗೆ (ಉಪಕರಣ ಸರಿಯಿದೆಯೇ ಎಂಬ ತಪಾಸಣೆಗೆ) ಒಂದೇ ಸ್ಟ್ಯಾಂಡರ್ಡನ್ನು 5 ಅಥವಾ 6 ಸಲ ಇಂಜೆಕ್ಟ್ ಮಾಡಿ, ಪೀಕ್ ವಿಸ್ತೀರ್ಣದ ಆರ್‌ಎಸ್‌ಡಿ (ಅಳತೆಗಳ ನಡುವಿನ ಏರಿಳಿತ) ಅಸ್ಸೇಗೆ, ಅಂದರೆ ಔಷಧದ ಪ್ರಮಾಣ ಅಳೆಯುವ ಪರೀಕ್ಷೆಗೆ, ಸಾಮಾನ್ಯವಾಗಿ ಶೇ 2.0ರೊಳಗೆ ಇರಬೇಕು.

ಇದರ ಬೆನ್ನಿಗೇ ಬರುವ ಪ್ರಶ್ನೆ: ಫಲಿತಾಂಶ ಮಿತಿ ಮೀರಿ ಬಂದರೆ ಏನು ಮಾಡುತ್ತೀರಿ? ‘ಇನ್ನೊಮ್ಮೆ ಇಂಜೆಕ್ಟ್ ಮಾಡುತ್ತೇನೆ’ ಎಂದವರ ಸಂದರ್ಶನ ಅಲ್ಲಿಗೆ ಮುಗಿಯಿತು. ಮೇಲ್ವಿಚಾರಕರಿಗೆ ತಿಳಿಸುತ್ತೇನೆ, ದ್ರಾವಣಗಳನ್ನು ಚೆಲ್ಲದೆ ಇಡುತ್ತೇನೆ, ಓಓಎಸ್ (ಮಿತಿ ಮೀರಿದ ಫಲಿತಾಂಶದ) ತನಿಖೆ ದಾಖಲಾಗುತ್ತದೆ, ಲ್ಯಾಬ್‌ನ ತಪ್ಪೇ ಎಂದು ಮೊದಲ ಹಂತದಲ್ಲಿ ಪರಿಶೀಲಿಸಿದ ಮೇಲೆಯೇ ಮರುಪರೀಕ್ಷೆ, ಇದು ಉತ್ತರ. ದಾಖಲೆಯಲ್ಲಿ ತಪ್ಪು ಬರೆದರೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಸಹಿ, ದಿನಾಂಕ, ಕಾರಣ ಹಾಕಬೇಕು. ವೈಟ್‌ನರ್ ಇಲ್ಲ, ಹಿಂದಿನ ದಿನಾಂಕ ಹಾಕುವುದಿಲ್ಲ, ಚೀಟಿಯಲ್ಲಿ ಬರೆದು ಆಮೇಲೆ ನಕಲು ಮಾಡುವುದಿಲ್ಲ. ಆಲ್ಕೋವಾ ಎಂದು ಕರೆಯುವ ಈ ದಾಖಲಾತಿ ಶಿಸ್ತು ಇಲ್ಲದವರನ್ನು ಎಷ್ಟೇ ಅಂಕವಿದ್ದರೂ ತೆಗೆದುಕೊಳ್ಳುವುದಿಲ್ಲ. ಏಕೆಂದರೆ ಒಬ್ಬರ ಸುಳ್ಳು ಎಂಟ್ರಿಯಿಂದ ಇಡೀ ಪ್ಲಾಂಟ್‌ನ ರಫ್ತು ನಿಲ್ಲಬಹುದು.

ಫಾರ್ಮಕೋವಿಜಿಲೆನ್ಸ್‌ಗೆ ಹೋಗುವವರು ನಾಲ್ಕು ವಿಷಯ ಗಟ್ಟಿ ಮಾಡಿಕೊಳ್ಳಿ. ವರದಿ ಸಿಂಧುವಾಗಲು ಗುರುತಿಸಬಹುದಾದ ರೋಗಿ, ಗುರುತಿಸಬಹುದಾದ ವರದಿಗಾರ, ಶಂಕಿತ ಔಷಧ, ಅಡ್ಡಪರಿಣಾಮ, ಈ ನಾಲ್ಕೂ ಬೇಕು. ‘ಸೀರಿಯಸ್’ ಮತ್ತು ‘ಸಿವಿಯರ್’ ಬೇರೆ ಬೇರೆ: ತಾಳಲಾರದ ತಲೆನೋವು ಸಿವಿಯರ್, ಆದರೆ ಆಸ್ಪತ್ರೆ ಸೇರದಿದ್ದರೆ ಸೀರಿಯಸ್ ಆಗಬೇಕಿಲ್ಲ. ಕ್ಲಿನಿಕಲ್ ಟ್ರಯಲ್‌ನಲ್ಲಿ ನಿರೀಕ್ಷಿಸದ, ಔಷಧದ್ದೇ ಎಂಬ ಅನುಮಾನವಿರುವ ಸಾವು ಅಥವಾ ಪ್ರಾಣಾಪಾಯದ ಪ್ರಕರಣಕ್ಕೆ 7 ದಿನ, ಅಂಥ ಇತರ ಸೀರಿಯಸ್ ಪ್ರಕರಣಕ್ಕೆ 15 ದಿನ. ಇವು ರಜೆ ಸೇರಿದ ಕ್ಯಾಲೆಂಡರ್ ದಿನಗಳು. ಮೆಡ್‌ಡ್ರಾ ಎಂದರೆ ಅಡ್ಡಪರಿಣಾಮಗಳಿಗೆ ಕೋಡ್ ಹಾಕುವ ನಿಘಂಟು. ಇಷ್ಟನ್ನು ಉಚಿತವಾಗಿ ಸಿಗುವ ಐಸಿಎಚ್ (ಔಷಧ ನಿಯಮಗಳ ಅಂತರರಾಷ್ಟ್ರೀಯ ಮಂಡಳಿ) ಮಾರ್ಗಸೂಚಿಗಳಿಂದಲೇ ಕಲಿಯಬಹುದು. ಸಾವಿರಾರು ರೂಪಾಯಿಯ ಕೋರ್ಸ್ ಕಲಿಸುವುದರಲ್ಲಿ ಬಹುಪಾಲು ಇದೇ.

ಬಯೋಇನ್ಫರ್ಮ್ಯಾಟಿಕ್ಸ್‌ಗೆ ಲಿನಕ್ಸ್ ಕಮಾಂಡ್ ಲೈನ್, ಪೈಥಾನ್ ಅಥವಾ ಆರ್, ಸ್ವಲ್ಪ ಸಂಖ್ಯಾಶಾಸ್ತ್ರ. ಸಾರ್ವಜನಿಕವಾಗಿ ಸಿಗುವ ಎಸ್‌ಆರ್‌ಎ ಭಂಡಾರದ ಡಿಎನ್‌ಎ ಅನುಕ್ರಮದ ಡೇಟಾ ಇಳಿಸಿಕೊಂಡು, ಫಾಸ್ಟ್‌ಕ್ಯು ಫೈಲಿನಿಂದ ವೇರಿಯಂಟ್ ಪಟ್ಟಿಯವರೆಗೆ ಒಂದು ಪೂರ್ತಿ ವಿಶ್ಲೇಷಣೆ ಮಾಡಿ ಗಿಟ್‌ಹಬ್‌ನಲ್ಲಿ ಇಟ್ಟರೆ ಹತ್ತು ಸರ್ಟಿಫಿಕೇಟ್‌ಗಿಂತ ಬೆಲೆ.

ರೆಸ್ಯೂಮೆ, ಅರ್ಜಿ, ವಾಕ್-ಇನ್

ಹೊಸಬರಿಗೆ ಒಂದೇ ಪುಟ. ‘ಪಿಸಿಆರ್, ಎಲೈಸಾ, ಎಚ್‌ಪಿಎಲ್‌ಸಿ ಗೊತ್ತು’ ಎಂಬ ಸಾಲಿನಿಂದ ಏನೂ ತಿಳಿಯುವುದಿಲ್ಲ. ‘ಎಂಎಸ್ಸಿ ಪ್ರಾಜೆಕ್ಟ್‌ನಲ್ಲಿ ನಾಲ್ಕು ತಿಂಗಳು ಆರ್‌ಪಿ-ಎಚ್‌ಪಿಎಲ್‌ಸಿ ಬಳಕೆ, ಐದು ಬಿಂದುಗಳ ಕ್ಯಾಲಿಬ್ರೇಶನ್, ಸುಮಾರು 60 ಮಾದರಿ’ ಎಂದರೆ ತಿಳಿಯುತ್ತದೆ. ನೀವೇ ಮಾಡಿದ್ದನ್ನು ಮತ್ತು ಡೆಮೊ ನೋಡಿದ್ದನ್ನು ಬೇರೆ ಮಾಡಿ ಬರೆಯಿರಿ. ಉಪಕರಣದ ಮಾದರಿ, ಸಾಫ್ಟ್‌ವೇರ್‌ನ ಹೆಸರು ಹಾಕಿ. ತಂದೆಯ ಹೆಸರು, ಜಾತಿ, ಮದುವೆಯ ವಿವರ ಬೇಡ. ಒಂದೇ ರೆಸ್ಯೂಮೆಯನ್ನು ಎಲ್ಲ ಕಡೆ ಕಳಿಸದೆ, ಲ್ಯಾಬ್‌ಗೊಂದು, ಪ್ಲಾಂಟ್‌ಗೊಂದು, ಮೇಜಿನ ಕೆಲಸಕ್ಕೊಂದು ಮಾಡಿಟ್ಟುಕೊಳ್ಳಿ.

ಅರ್ಜಿಗೆ ಮೂರು ದಾರಿ. ಮೊದಲನೆಯದು ಕಂಪನಿಯ ಸ್ವಂತ ಕರಿಯರ್ಸ್ ಪುಟ. ವಾರಕ್ಕೆರಡು ಸಲ ನೋಡಿ. ಎರಡನೆಯದು ಪರಿಚಯ. ಕಾಲೇಜಿನ ಸೀನಿಯರ್‌ಗೆ ‘ಅಣ್ಣಾ, ಎಲ್ಲಾದರೂ ಕೆಲಸ ಇದ್ದರೆ ಹೇಳಿ’ ಎಂದು ಮೆಸೇಜ್ ಮಾಡಿದರೆ ಅವರಿಗೆ ಮಾಡಲು ಏನೂ ಇರುವುದಿಲ್ಲ. ಅವರ ಕಂಪನಿಯ ಪುಟದಲ್ಲಿ ನೀವೇ ಹುಡುಕಿದ ಹುದ್ದೆಯ ಜಾಬ್ ಐಡಿ, ಅದಕ್ಕೆ ತಕ್ಕ ರೆಸ್ಯೂಮೆ, ಎರಡೇ ಸಾಲಿನ ಪರಿಚಯ ಕಳಿಸಿದರೆ ಐದು ನಿಮಿಷದಲ್ಲಿ ರೆಫರ್ ಮಾಡುತ್ತಾರೆ. ಮೂರನೆಯದು ವಾಕ್-ಇನ್. ಕ್ಯುಸಿ, ಕ್ಯುಎ (ಗುಣಮಟ್ಟ ಖಾತರಿ), ಪ್ರೊಡಕ್ಷನ್ ಹುದ್ದೆಗಳಿಗೆ ವಾರಾಂತ್ಯದಲ್ಲಿ ನಡೆಯುವುದು ಹೆಚ್ಚು. ಎಸ್ಸೆಸ್ಸೆಲ್ಸಿಯಿಂದ ಕೊನೆಯ ಸೆಮಿಸ್ಟರ್‌ವರೆಗಿನ ಅಂಕಪಟ್ಟಿ, ಪ್ರೊವಿಷನಲ್ ಅಥವಾ ಕಾನ್ವೊಕೇಶನ್ ಸರ್ಟಿಫಿಕೇಟ್, ಆಧಾರ್, ಪ್ಯಾನ್, ಫೋಟೊಗಳನ್ನು ಮೂಲ ಮತ್ತು ಎರಡೆರಡು ಜೆರಾಕ್ಸ್ ಸಮೇತ ಒಯ್ಯಿರಿ. ಮಾರ್ಕ್ಸ್ ಕಾರ್ಡ್‌ನಲ್ಲಿರುವ ಹೆಸರು ಆಧಾರ್‌ನಲ್ಲಿರುವ ಹೆಸರಿಗೆ ಹೊಂದದಿದ್ದರೆ ಈಗಲೇ ಸರಿಮಾಡಿಸಿ. ಇನಿಷಿಯಲ್ ಒಂದು ಕಡೆ ಬಿಡಿಸಿ, ಇನ್ನೊಂದು ಕಡೆ ಅಕ್ಷರವಾಗಿ ಇರುವುದು ನಮ್ಮವರಿಗೆ ಸಾಮಾನ್ಯ. ಬ್ಯಾಕ್‌ಗ್ರೌಂಡ್ ಪರಿಶೀಲನೆ ಮತ್ತು ಪಿಎಫ್ ಖಾತೆ ಎರಡೂ ಅಲ್ಲಿ ಸಿಕ್ಕಿಕೊಳ್ಳುತ್ತವೆ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಒಂದು ಮಾತು. ಶಾಪ್‌ಫ್ಲೋರ್‌ನಲ್ಲಿ ಕನ್ನಡ ಧಾರಾಳವಾಗಿ ನಡೆಯುತ್ತದೆ, ಆದರೆ ಎಸ್‌ಓಪಿ (ಕೆಲಸದ ವಿಧಾನ ಬರೆದ ದಾಖಲೆ), ಬ್ಯಾಚ್ ರೆಕಾರ್ಡ್, ಲಾಗ್‌ಬುಕ್ ಎಲ್ಲ ಇಂಗ್ಲಿಷ್. ನಿರರ್ಗಳ ಮಾತಿಗಿಂತ ತಪ್ಪಿಲ್ಲದ ಚಿಕ್ಕ ವಾಕ್ಯ ಬರೆಯಲು ಬರಬೇಕು. ನಿಮ್ಮ ಪ್ರಾಜೆಕ್ಟನ್ನು ಮೂರು ನಿಮಿಷದಲ್ಲಿ ಇಂಗ್ಲಿಷಿನಲ್ಲಿ ವಿವರಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿಕೊಳ್ಳಿ. ಹತ್ತನೇ ಸಲಕ್ಕೆ ತಾನಾಗಿ ಬರುತ್ತದೆ.

ಆಯ್ಕೆಯಾದ ಮೇಲೆ ವೈದ್ಯಕೀಯ ಪರೀಕ್ಷೆ ಇರುತ್ತದೆ. ಬಣ್ಣಗುರುಡು ಇದ್ದರೆ ಕೆಲವು ಕ್ಯುಸಿ ಮತ್ತು ತಪಾಸಣೆಯ ಹುದ್ದೆಗಳು ಸಿಗುವುದಿಲ್ಲ. ಪೆನಿಸಿಲಿನ್ ಅಲರ್ಜಿ ಇರುವವರು ಆ್ಯಂಟಿಬಯೋಟಿಕ್ ಘಟಕಕ್ಕೆ ಹೋಗುವಾಗ ಮುಚ್ಚಿಡಬಾರದು. ಗಾಳಿಯಲ್ಲಿನ ಪುಡಿಯೇ ಪ್ರಾಣಕ್ಕೆ ಸಂಚಕಾರ ತರಬಹುದು.

ಆಫರ್ ಲೆಟರ್ ಓದುವುದು

ಸಿಟಿಸಿ (ಕಂಪನಿ ನಿಮಗಾಗಿ ವರ್ಷಕ್ಕೆ ಮಾಡುವ ಒಟ್ಟು ವೆಚ್ಚ) 3,00,000 ರೂ. ಎಂದರೆ ತಿಂಗಳಿಗೆ 25,000 ಕೈಗೆ ಬರುತ್ತದೆ ಎಂದುಕೊಳ್ಳಬೇಡಿ. ಉದಾಹರಣೆಗೆ ಹೀಗೆ ಲೆಕ್ಕ ಹಾಕಿ. ವರ್ಷದ ಕೊನೆಗೆ ಕೊಡುವ ಬೋನಸ್ 15,000 ಕಳೆದರೆ ತಿಂಗಳಿಗೆ 23,750. ಬೇಸಿಕ್ 12,500 ಇದ್ದರೆ ಕಂಪನಿಯ ಪಾಲಿನ ಪಿಎಫ್ ಶೇ 12ರಂತೆ 1,500. ಗ್ರಾಚ್ಯುಟಿ ಶೇ 4.81ರಂತೆ ಸುಮಾರು 600. ವಿಮೆ 400 ಎಂದಿಟ್ಟುಕೊಳ್ಳಿ. ಉಳಿದದ್ದು 21,250. ಇದರಿಂದ ನಿಮ್ಮ ಪಾಲಿನ ಪಿಎಫ್ 1,500 ಹೋದರೆ 19,750. ಬಸ್ಸು, ಕ್ಯಾಂಟೀನ್ ಕಡಿತವಿದ್ದರೆ 19,000ದ ಆಸುಪಾಸು. ಕರ್ನಾಟಕದಲ್ಲಿ ತಿಂಗಳ ಸಂಬಳ 25,000ಕ್ಕಿಂತ ಕಡಿಮೆಯಿದ್ದರೆ ವೃತ್ತಿ ತೆರಿಗೆ ಇಲ್ಲ. ಸಂಬಳ 21,000ದೊಳಗಿದ್ದರೆ ಇಎಸ್‌ಐ ಆರೋಗ್ಯ ವಿಮೆ ಬರಬೇಕು. ಪಿಜಿ ಬಾಡಿಗೆ, ಊಟ, ಓಡಾಟ ಕಳೆದು ಮನೆಗೆ ಎಷ್ಟು ಕಳಿಸಬಹುದು ಎಂಬುದನ್ನು ಈ 19,000ದ ಮೇಲೆ ಲೆಕ್ಕ ಹಾಕಿ.

ಸಹಿ ಹಾಕುವ ಮೊದಲು ನೋಡಬೇಕಾದ್ದು: ನೀವು ಕಂಪನಿಯ ರೋಲ್‌ನಲ್ಲಿದ್ದೀರೋ, ಬೇರೆ ಏಜೆನ್ಸಿಯ ಪೇರೋಲ್‌ನಲ್ಲೋ. ಪೇರೋಲ್ ಕೆಲಸ ಕೆಟ್ಟದ್ದಲ್ಲ, ಮೊದಲ ಅನುಭವಕ್ಕೆ ಒಳ್ಳೆಯ ಮೆಟ್ಟಿಲು. ಆದರೆ ಕರಾರಿನ ಅವಧಿ, ಪಿಎಫ್ ಜಮಾ, ಅನುಭವ ಪತ್ರ ಯಾರ ಹೆಸರಿನಲ್ಲಿ ಕೊಡುತ್ತಾರೆ ಎಂಬುದು ಬರಹದಲ್ಲಿರಬೇಕು. ಬಾಂಡ್ ಇದ್ದರೆ ಎಷ್ಟು ವರ್ಷ, ಎಷ್ಟು ಮೊತ್ತ ಓದಿ. ಮೂಲ ಅಂಕಪಟ್ಟಿಯನ್ನು ತಮ್ಮ ಬಳಿ ಇಟ್ಟುಕೊಳ್ಳುತ್ತೇವೆ ಎಂದರೆ ಒಪ್ಪಬೇಡಿ. ಪ್ರೊಬೇಶನ್ ಮುಗಿದ ಮೇಲೆ ನೋಟಿಸ್ ಅವಧಿ 30 ದಿನವೋ 90 ದಿನವೋ ನೋಡಿ. ಮುಂದಿನ ಕೆಲಸಕ್ಕೆ ಹೋಗುವಾಗ ಇದೇ ತೊಡಕಾಗುತ್ತದೆ.

ಕೆಲಸ ಕೊಡಿಸಲು ಹಣ ಕೇಳುವವರು ಯಾರೇ ಆದರೂ ಮೋಸ. ನೋಂದಣಿ ಶುಲ್ಕ, ಲ್ಯಾಪ್‌ಟಾಪ್ ಠೇವಣಿ, ‘ಬ್ಯಾಕ್‌ಡೋರ್’ ಹೆಸರಿನಲ್ಲಿ ಲಕ್ಷ ರೂಪಾಯಿ, ರೂಪ ಯಾವುದಾದರೂ ಅಷ್ಟೇ. ಆಫರ್ ಬಂದ ಇಮೇಲ್ ವಿಳಾಸ ಕಂಪನಿಯ ಸ್ವಂತ ಡೊಮೇನ್‌ನದ್ದೇ ಎಂದು ಅಕ್ಷರ ಅಕ್ಷರ ನೋಡಿ. ಸಂದರ್ಶನವಿಲ್ಲದೆ ಆಫರ್ ಬಂದರೆ ಕಂಪನಿಯ ಅಧಿಕೃತ ಜಾಲತಾಣದ ನಂಬರ್‌ಗೆ ಕರೆ ಮಾಡಿ ಕೇಳಿ. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಮೊದಲ ಕೆಲವು ಗಂಟೆಗಳಲ್ಲಿ ಖಾತೆ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಸುಳ್ಳು ಅನುಭವ ಪತ್ರ ಮಾರುವವರಿಂದಲೂ ದೂರವಿರಿ, ಪಿಎಫ್ ದಾಖಲೆ ನೋಡಿದ ಕೂಡಲೇ ಅದು ಹೊರಬೀಳುತ್ತದೆ.

ಆರು ತಿಂಗಳಾದರೂ ಸಿಗದಿದ್ದರೆ

ಸುಮ್ಮನೆ ಕೂತ ಅವಧಿ ಉದ್ದವಾದಷ್ಟೂ ಸಂದರ್ಶನ ಕಷ್ಟ. ಕೇಂದ್ರ ಸರ್ಕಾರದ ಎನ್‌ಎಟಿಎಸ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿ ಅಪ್ರೆಂಟಿಸ್ ಆಗಿ ಸೇರಿಕೊಳ್ಳಬಹುದು. ಸ್ಟೈಪೆಂಡ್ ಕಡಿಮೆ, ಆದರೆ ಜಿಎಂಪಿ (ಉತ್ತಮ ತಯಾರಿಕಾ ಪದ್ಧತಿ) ವಾತಾವರಣದ ಒಂದು ವರ್ಷ ರೆಸ್ಯೂಮೆಗೆ ಸೇರುತ್ತದೆ. ಎಲೆಕ್ಟ್ರಾನಿಕ್ ಸಿಟಿಯ ಐಬಿಎಬಿಯಂಥ ಬಯೋಇನ್ಫರ್ಮ್ಯಾಟಿಕ್ಸ್, ಬಯೋಟೆಕ್ ಸಂಸ್ಥೆಯ ಡಿಪ್ಲೊಮಾ ಕೋರ್ಸ್ ನೋಡಿ. ಸೇರುವ ಮೊದಲು ಹಿಂದಿನ ಬ್ಯಾಚಿನ ಇಬ್ಬರು ಮೂವರನ್ನು ಹುಡುಕಿ, ಈಗ ಎಲ್ಲಿ ಕೆಲಸ ಮಾಡುತ್ತಿದ್ದಾರೆ ಎಂದು ಕೇಳಿ. ಉತ್ತರ ಕೊಡಲು ತಡವರಿಸುವ ಸಂಸ್ಥೆಗೆ ಶುಲ್ಕ ಕಟ್ಟಬೇಡಿ. ಪಾಸಾಗಿ 180 ದಿನವಾದರೂ ಕೆಲಸವಿಲ್ಲದ ಪದವೀಧರರಿಗೆ ರಾಜ್ಯದ ಯುವನಿಧಿ ಯೋಜನೆಯಲ್ಲಿ ತಿಂಗಳಿಗೆ 3,000 ರೂ. ಗರಿಷ್ಠ ಎರಡು ವರ್ಷ ಸಿಗುತ್ತದೆ. ಬೆಂಗಳೂರಿನ ಪಿಜಿಗೆ ಅದು ಸಾಲದು, ಓಡಾಟದ ಖರ್ಚಿಗೆ ಆದೀತು.

ಬೆಂಗಳೂರೇ ಬೇಕೆಂಬ ಹಟವನ್ನೂ ಸ್ವಲ್ಪ ಸಡಿಲಿಸಿ. ಮಂಗಳೂರಿನಲ್ಲಿ ಸಿಂಜೀನ್‌ನ ಎಪಿಐ (ಔಷಧದ ಮೂಲ ಪದಾರ್ಥ) ಘಟಕವಿದೆ, ನಂಜನಗೂಡಿನಲ್ಲಿ ಜುಬಿಲಂಟ್‌ನ ಘಟಕವಿದೆ, ಹೈದರಾಬಾದಿನ ಜೀನೋಮ್ ವ್ಯಾಲಿ ಒಂದು ರಾತ್ರಿಯ ಪ್ರಯಾಣ. ಅಲ್ಲಿ ಎರಡು ವರ್ಷ ಕ್ಯುಸಿ ಅಥವಾ ಪ್ರೊಡಕ್ಷನ್ ಮಾಡಿ ಬೊಮ್ಮಸಂದ್ರಕ್ಕೆ ಬರುವವರು, ಇಲ್ಲೇ ಎರಡು ವರ್ಷ ಕಾದವರಿಗಿಂತ ಮೇಲಿನ ಹುದ್ದೆಗೆ ಬರುತ್ತಾರೆ. ಹೀಗೆ ಬದಲಿಸುವಾಗ ರಿಲೀವಿಂಗ್ ಲೆಟರ್, ಕೊನೆಯ ಮೂರು ತಿಂಗಳ ಪೇಸ್ಲಿಪ್, ಪಿಎಫ್‌ನ ಯುಎಎನ್ ಸಂಖ್ಯೆ ಮೂರೂ ಕೈಯಲ್ಲಿರಲಿ. ನೋಟಿಸ್ ಕೊಡದೆ ಬಿಟ್ಟುಬಂದರೆ ರಿಲೀವಿಂಗ್ ಲೆಟರ್ ಸಿಗುವುದಿಲ್ಲ. ಅದಿಲ್ಲದೆ ಆ ಎರಡು ವರ್ಷದ ಅನುಭವವನ್ನು ಯಾವ ಒಳ್ಳೆಯ ಕಂಪನಿಯೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.